ಹಳೇ ಡಬ್ಬದ ಪರ ವಕಾಲತ್ತು

‘ಇದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ ಮೇಡಂ, ಮನೆಯವರನ್ನ ಕಳಿಸಿ’ ಎಂದು ನಮ್ಮೂರಿನ ಕಂಪ್ಯೂಟರ್ ಅಂಗಡಿಯವನೊಬ್ಬ ನನಗೆ ಹೇಳಿದ ದಿನವೇ ಈ ಲೇಖನವನ್ನು ನಾನು ಮನಸ್ಸಿನಲ್ಲಿ ಬರೆದಾಗಿತ್ತು. ಕಾಗದಕ್ಕಿಳಿಸಲು ಮೂರು ತಿಂಗಳು ಹಿಡಿಯಿತು. ಏಕೆಂದರೆ ಆತ ಹೇಳಿದ್ದರಲ್ಲಿ ಅರ್ಧ ನಿಜವಿತ್ತು: ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡ ಮೇಲೆಯೇ ಜಗಳಕ್ಕಿಳಿಯಬೇಕೆಂಬುದು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟ ನನ್ನ ಹಟ. ಈಗ ಗೊತ್ತಾಗಿದೆ. ಆದ್ದರಿಂದ ಜಗಳ.

ಮೊದಲು ಮನೆಯ ಪರಿಸ್ಥಿತಿ ಹೇಳುತ್ತೇನೆ. ತಿಪಟೂರಿನಲ್ಲಿ ನಮ್ಮದು ಎರಡು ಅಂತಸ್ತಿನ ಸಾಧಾರಣ ಮನೆ. ಇಂಜಿನಿಯರಿಂಗ್ ಓದುವ ಮಗ, ನಮ್ಮಲ್ಲೇ ಇದ್ದುಕೊಂಡು ಡಿಪ್ಲೊಮಾ ಮಾಡುತ್ತಿರುವ ಮೈದುನನ ಮಗ, ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಮಗಳು. ಹುಡುಗರಿಬ್ಬರಿಗೂ ಒಂದೊಂದು ಕಂಪ್ಯೂಟರಿದೆ. ಇಬ್ಬರಿಗೂ ಆಟದ ಹುಚ್ಚು. ಮಗಳಿಗಿರುವುದು ಒಂದು ಮೊಬೈಲು, ಒಂದು ನೋಟ್‌ಬುಕ್ಕು ಮತ್ತು ರಾತ್ರಿ ಏಳೂವರೆಯಿಂದ ಒಂಬತ್ತೂವರೆವರೆಗೆ ನಡೆಯುವ ಆನ್‌ಲೈನ್ ತರಗತಿ. ಮನೆಗೆ ಬರುವ ಇಂಟರ್‌ನೆಟ್ಟು ಒಂದೇ, ಕೊಳಾಯಿಯ ಹಾಗೆ: ತಿಂಗಳಿಗೆ 500 ಜಿ.ಬಿ., ಸೆಕೆಂಡಿಗೆ 30 ಮೆಗಾಬಿಟ್ ವೇಗ. 500 ಮುಗಿದರೆ ವೇಗ 2ಕ್ಕೆ ಇಳಿಯುತ್ತದೆ. ಆಗ ವಿಡಿಯೊ ತರಗತಿಯಲ್ಲಿ ಮೇಷ್ಟರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಡುತ್ತದೆ.

ಈಗಿನ ಆಟಗಳ ಗಾತ್ರ ಎಷ್ಟೆಂದು ನಿಮಗೆ ಗೊತ್ತೆ? ನನಗೂ ಗೊತ್ತಿರಲಿಲ್ಲ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟಕ್ಕೆ 150 ಜಿ.ಬಿ. ಜಾಗ ಬೇಕೆಂದು ತಯಾರಕರೇ ಬರೆದಿದ್ದಾರೆ. ‘ಕೌಂಟರ್ ಸ್ಟ್ರೈಕ್ 2’ಕ್ಕೆ 85. ಒಂದು ಸಿನಿಮಾ ಎರಡು ಮೂರು ಜಿ.ಬಿ. ಎಂದು ಲೆಕ್ಕ ಹಾಕಿದರೆ ಒಂದು ಆಟವೆಂದರೆ ಐವತ್ತು ಸಿನಿಮಾ. ಮಗ ಅದನ್ನು ಇಳಿಸಿಕೊಳ್ಳುತ್ತಾನೆ. ಮರುದಿನ ಮೈದುನನ ಮಗ ಅದೇ ಆಟವನ್ನು ಅದೇ ಕೊಳಾಯಿಯಿಂದ ಮತ್ತೊಮ್ಮೆ ಇಳಿಸಿಕೊಳ್ಳುತ್ತಾನೆ. ಇಬ್ಬರ ಕೋಣೆಗಳ ನಡುವೆ ಇರುವುದು ಒಂದು ಗೋಡೆ. 2025ರ ದೀಪಾವಳಿಯ ಹಿಂದಿನ ತಿಂಗಳು 19ನೇ ತಾರೀಖಿಗೇ ನಮ್ಮ 500 ಜಿ.ಬಿ. ಮುಗಿದು, ಉಳಿದ ಹನ್ನೊಂದು ದಿನ ಮಗಳು ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು, ಸೊಳ್ಳೆ ಹೊಡೆದುಕೊಳ್ಳುತ್ತ, ಅವರ ವೈಫೈಯಲ್ಲಿ ಪಾಠ ಕೇಳಿದಳು. ಆಕೆ ಒಂದು ದಿನವೂ ದೂರು ಹೇಳಲಿಲ್ಲ. ಹೆಣ್ಣುಮಕ್ಕಳು ದೂರು ಹೇಳುವುದಿಲ್ಲವೆಂಬುದನ್ನೇ ನಾವು ಮನೆಯ ಶಾಂತಿ ಎಂದು ಕರೆಯುತ್ತೇವೆ. ಅದು ನನಗೆ ಆ ಹನ್ನೊಂದು ದಿನ ಸರಿಯಾಗಿ ಚುಚ್ಚಿತು.

ಹುಡುಗರನ್ನು ಕೂರಿಸಿಕೊಂಡು ಕೇಳಿದೆ. ‘ಅಮ್ಮ, ಇದಕ್ಕೊಂದು ದಾರಿ ಇದೆ’ ಎಂದ ಮಗ. ‘ಮನೇಲೇ ಒಂದು ಸರ್ವರ್ ಇಟ್ಟರೆ ಒಬ್ಬ ಇಳಿಸಿಕೊಂಡಿದ್ದು ಅದರಲ್ಲಿ ಉಳಿಯುತ್ತೆ. ಎರಡನೆಯವನಿಗೆ ಅಲ್ಲಿಂದಲೇ ಬರುತ್ತೆ, ಹೊರಗಿನ ನೆಟ್ ಖರ್ಚಾಗಲ್ಲ.’ ಬುದ್ಧಿವಂತ ಮಾತು. ‘ಅದಕ್ಕೇನು ಬೇಕು?’ ಎಂದೆ. ‘ಹೊಸದೊಂದು ಕಂಪ್ಯೂಟರ್ ಬೇಕು’ ಎಂದರು ಇಬ್ಬರೂ ಒಟ್ಟಿಗೆ. ಬೇರೆಲ್ಲ ವಿಷಯದಲ್ಲೂ ಕಿತ್ತಾಡುವ ಇಬ್ಬರು ಈ ಒಂದರಲ್ಲಿ ಒಮ್ಮತಕ್ಕೆ ಬಂದದ್ದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ಅಂಗಡಿಯವನು ಕೊಟ್ಟ ಚೀಟಿಯಲ್ಲಿ 58,500 ರೂಪಾಯಿ ಎಂದಿತ್ತು. ಹೊಸ ಪ್ರೊಸೆಸರ್, 32 ಜಿ.ಬಿ. ಮೆಮೊರಿ, ಹೊಸ ಡಿಸ್ಕು, ಬಣ್ಣದ ದೀಪಗಳಿರುವ ಗಾಜಿನ ಪೆಟ್ಟಿಗೆ. ಹಳೆಯ ಕಂಪ್ಯೂಟರೇನಾದರೂ ಇದ್ದರೆ ಎಕ್ಸ್‌ಚೇಂಜಿಗೆ 800 ರೂಪಾಯಿ ಕೊಡುತ್ತಾನಂತೆ. ‘ಮನೇಲಿರೋ ಹಳೇದು ಈ ಕೆಲಸಕ್ಕೆ ಆಗಲ್ವಾ?’ ಎಂದು ನಾನು ಕೇಳಿದ್ದಕ್ಕೇ ಆತ ಮೊದಲು ಹೇಳಿದ ಆ ಮಾತು ಹೇಳಿದ್ದು. 58,500 ರೂಪಾಯಿ ಎಂದರೆ ನನ್ನ ಚೀಟಿ ದುಡ್ಡು. ಮಗಳ ಕೋಚಿಂಗಿಗೆಂದು, ಅವಳು ಪರೀಕ್ಷೆ ಬರೆಯಲು ಬೆಂಗಳೂರು, ಹುಬ್ಬಳ್ಳಿ ಎಂದು ಓಡಾಡುವ ಖರ್ಚಿಗೆಂದು ಎತ್ತಿಟ್ಟದ್ದು. ಅಂದರೆ ಮಗಳ ತರಗತಿಗೆ ಅಡ್ಡಿಯಾಗುವುದನ್ನು ತಪ್ಪಿಸಲು ಮಗಳ ತರಗತಿಯ ದುಡ್ಡನ್ನೇ ತೆಗೆದು ಹುಡುಗರ ಆಟದ ಯಂತ್ರಕ್ಕೆ ಹಾಕಬೇಕು! ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ ‘ಹುಡುಗರು ಹೇಳ್ತಿದಾರೆ ಅಂದ ಮೇಲೆ ಬೇಕಾಗಿರುತ್ತೆ’ ಎಂದರು. ಗ್ರೈಂಡರ್ ಕೊಳ್ಳುವಾಗ ಇದೇ ಮನುಷ್ಯ ನಾಲ್ಕು ಅಂಗಡಿ ಸುತ್ತಿಸಿದ್ದರು.

ಸೋದರಿಯರೇ, ಕುಕ್ಕರಿನ ಗ್ಯಾಸ್ಕೆಟ್ ಹೋದರೆ ನಾವು ಕುಕ್ಕರ್ ಎಸೆಯುತ್ತೇವೆಯೆ? ತಳ ಸೀದ ಪಾತ್ರೆಯಲ್ಲಿ ಹಾಲು ಕಾಯಿಸುವುದಿಲ್ಲ, ಆದರೆ ಸ್ನಾನಕ್ಕೆ ನೀರು ಕಾಯಿಸುತ್ತೇವೆ. ಯಾವ ಕೆಲಸಕ್ಕೆ ಯಾವ ಪಾತ್ರೆ ಸಾಕು ಎಂಬ ವಿವೇಚನೆ ನಮಗೆ ಅಡಿಗೆಮನೆಯಲ್ಲಿ ನಲವತ್ತು ವರ್ಷದಿಂದ ಇದೆ. ಆದರೆ ಅದೇ ವಿವೇಚನೆ, ವೈರು ಮತ್ತು ದೀಪವಿರುವ ಡಬ್ಬ ಎದುರಿಗೆ ಬಂದ ಕೂಡಲೇ ಸೆರಗಿನೊಳಗೆ ಅಡಗಿಕೊಳ್ಳುತ್ತದೆ. ‘ಅದೆಲ್ಲ ನಮಗೆ ಗೊತ್ತಾಗಲ್ಲ’ ಎಂದು ಅಂಗಡಿಯವನಿಗಿಂತ ಮೊದಲೇ ನಾವೇ ಹೇಳಿಕೊಳ್ಳುತ್ತೇವೆ. 1946ರಲ್ಲಿ ಅಮೆರಿಕದಲ್ಲಿ ‘ಎನಿಯಾಕ್’ ಎಂಬ ಕೋಣೆಯಷ್ಟು ದೊಡ್ಡ ಗಣಕಯಂತ್ರವನ್ನು ಜನರಿಗೆ ತೋರಿಸಿದಾಗ ಅದಕ್ಕೆ ಕೆಲಸ ಹೇಳಿಕೊಟ್ಟಿದ್ದವರು ಆರು ಜನ ಹೆಂಗಸರು. ಅವರಿಗೂ ಮೊದಲ ದಿನ ಗೊತ್ತಿರಲಿಲ್ಲ, ನಕ್ಷೆಗಳನ್ನು ಹರಡಿಕೊಂಡು ಕುಳಿತು ಕಲಿತರು.

ಹಾಗಾಗಿ ನಾನೂ ಕುಳಿತೆ. ಹುಡುಗರನ್ನು ಎದುರಿಗೆ ಕೂರಿಸಿಕೊಂಡು, ಶಾಲೆಯಲ್ಲಿ ಮಾಡುವ ಹಾಗೆಯೇ, ‘ಈ ಯಂತ್ರ ದಿನವಿಡೀ ಮಾಡುವ ಕೆಲಸ ಏನು, ಒಂದೊಂದಾಗಿ ಹೇಳಿ’ ಎಂದೆ. ಅವರು ಹೇಳುತ್ತ ಹೋದ ಹಾಗೆ ಗುಟ್ಟು ಬಯಲಾಯಿತು. ಆ ಕೆಲಸಕ್ಕೆ ‘ಲ್ಯಾನ್‌ಕ್ಯಾಶ್’ ಎಂಬ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶವಿದೆ. ನೂರಾರು ಜನ ತಮ್ಮ ತಮ್ಮ ಕಂಪ್ಯೂಟರು ಹೊತ್ತು ತಂದು ಒಂದೇ ಸಭಾಂಗಣದಲ್ಲಿ ಆಡುವ ಕೂಟಗಳು ವಿದೇಶಗಳಲ್ಲಿ ನಡೆಯುತ್ತವೆ, ಅಂಥವರ ಅನುಕೂಲಕ್ಕಾಗಿ ಬೆಳೆದದ್ದು. ಅದು ಮಾಡುವುದು ಎರಡೇ ಕೆಲಸ. ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ತಾಣಕ್ಕೂ ಹೆಸರಿದೆ. ಹೆಸರು ಹೇಳಿದರೆ ವಿಳಾಸ ಹೇಳುವುದಕ್ಕೆ ಡಿ.ಎನ್.ಎಸ್. ಎಂಬ ವ್ಯವಸ್ಥೆಯಿದೆ. ಆಟದ ಉಗ್ರಾಣಗಳ ಹೆಸರು ಯಾರಾದರೂ ಕೇಳಿದರೆ ಈ ತಂತ್ರಾಂಶ ಹೊರಗಿನ ವಿಳಾಸದ ಬದಲು ‘ಇಲ್ಲೇ ಇದೆ ಬಾ’ ಎಂದು ತನ್ನದೇ ವಿಳಾಸ ಕೊಡುತ್ತದೆ. ಕೇಳಿದ ತುಂಡು ತನ್ನ ಡಿಸ್ಕಿನಲ್ಲಿದ್ದರೆ ಎತ್ತಿ ಕೊಡುತ್ತದೆ, ಇಲ್ಲದಿದ್ದರೆ ಹೊರಗಿನಿಂದ ತಂದು ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅಷ್ಟೆ. ಆಟ ಆಡುವುದಿಲ್ಲ, ಚಿತ್ರ ಬಿಡಿಸುವುದಿಲ್ಲ, ಲೆಕ್ಕ ಮಾಡುವುದಿಲ್ಲ. ಉಗ್ರಾಣದ ಬೀಗದ ಕೈ ಇಟ್ಟುಕೊಂಡ ಅಜ್ಜಿಯ ಕೆಲಸ. ಅಜ್ಜಿಗೆ ಬೇಕಾದದ್ದು ದೊಡ್ಡ ಉಗ್ರಾಣ ಮತ್ತು ಅಗಲವಾದ ಬಾಗಿಲು. ಅಜ್ಜಿ ಓಟದ ಪಂದ್ಯ ಗೆಲ್ಲಬೇಕಾಗಿಲ್ಲ.

‘ಹಾಗಾದರೆ 58,500ರಲ್ಲಿ ಪ್ರೊಸೆಸರಿಗೆ, ಮೆಮೊರಿಗೆ ಅಷ್ಟೊಂದು ಏಕೆ?’ ಎಂದೆ. ಮೈದುನನ ಮಗ ನೆಲ ನೋಡಿದ. ‘ದೊಡ್ಡಮ್ಮ, ಅದರಲ್ಲಿ ಆಟಾನೂ ಆಡಬಹುದು ಅಂತ...’ ಎಂದ. ಅಂಗಡಿಯವನಿಗೆ ವ್ಯಾಪಾರ ಬೇಕಿತ್ತು, ಹುಡುಗರಿಗೆ ಆಟದ ಹೊಸ ಯಂತ್ರ ಬೇಕಿತ್ತು, ನನ್ನ ಮಗಳ ತರಗತಿ ಇಬ್ಬರಿಗೂ ಒಂದು ಒಳ್ಳೆಯ ನೆಪವಾಗಿತ್ತು.

ಮರುದಿನ ಭಾನುವಾರ ಅಟ್ಟ ಹತ್ತಿಸಿದೆ. ಅಲ್ಲಿಂದ ಇಳಿದದ್ದು ಮೂರು. ಒಂದು, ಮಕ್ಕಳು ಚಿಕ್ಕವರಿದ್ದಾಗಿನ ಪೆಂಟಿಯಂ 4. ಎರಡು, ಪರದೆ ಒಡೆದ ಲ್ಯಾಪ್‌ಟಾಪು. ಮೂರು, 2012ರಲ್ಲಿ ನಾನೇ ಕಂತಿನ ಮೇಲೆ ಕೊಂಡ, ಮೂರನೇ ತಲೆಮಾರಿನ ಐ5 ಪ್ರೊಸೆಸರ್ ಇರುವ, 8 ಜಿ.ಬಿ. ಮೆಮೊರಿಯ ಡೆಸ್ಕ್‌ಟಾಪು. ಈ ಮೂರನೆಯದು ಅಟ್ಟ ಹತ್ತಿ ಹೆಚ್ಚು ದಿನ ಆಗಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಇಂಟೆಲ್ ಪ್ರೊಸೆಸರಾದರೆ ಎಂಟನೇ ತಲೆಮಾರಿನದಾದರೂ ಆಗಿರಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವೂ ಇರಬೇಕು. ನಮ್ಮದರಲ್ಲಿ ಎರಡೂ ಇಲ್ಲ. ‘ಸತ್ತುಹೋಯಿತು’ ಎಂದು ಹುಡುಗರೇ ಅದನ್ನು ಮೇಲೆ ಹಾಕಿದ್ದರು. ಹಿಂದಿನ ದಿನದವರೆಗೂ ನನ್ನ ಪ್ರಶ್ನೆಪತ್ರಿಕೆಗಳನ್ನು ಚೆನ್ನಾಗಿ ಟೈಪು ಮಾಡಿಕೊಟ್ಟ ಯಂತ್ರ, ಎಲ್ಲೋ ಯಾರೋ ತಾರೀಖು ಬರೆದಿಟ್ಟರೆಂದು ಸತ್ತುಹೋಯಿತಂತೆ! ಒಂದು ಬಿಡಿಭಾಗವೂ ಕೆಟ್ಟಿರಲಿಲ್ಲ. ಇದನ್ನು ನಾನು ಮರಣ ಎನ್ನುವುದಿಲ್ಲ, ಕಡ್ಡಾಯ ನಿವೃತ್ತಿ ಎನ್ನುತ್ತೇನೆ. ನಿವೃತ್ತರಾದ ಮೇಷ್ಟರು ಬೀದಿ ಮಕ್ಕಳಿಗೆ ಮನೆಪಾಠ ಹೇಳುವುದಿಲ್ಲವೆ? ಲಿನಕ್ಸ್ ಎಂಬ, ಪುಕ್ಕಟೆ ಸಿಗುವ ವ್ಯವಸ್ಥೆ ಇಂಥ ಹಳೆಯ ಯಂತ್ರಗಳ ಮೇಲೆ ಸಲೀಸಾಗಿ ನಡೆಯುತ್ತದೆ, ಲ್ಯಾನ್‌ಕ್ಯಾಶ್ ಕೂರುವುದೂ ಅದರ ಮೇಲೆಯೇ.

ಮೂರರಲ್ಲಿ ಯಾವುದು? ಇಲ್ಲಿ ನಾನು ಹಳೆಯದನ್ನೆಲ್ಲ ಹೊಗಳುವವಳೆಂದು ತಿಳಿಯಬೇಡಿ. ಪೆಂಟಿಯಂ 4 ಅನ್ನು ನೋಡಿದರೆ ನನಗೆ ಪ್ರೀತಿ ಉಕ್ಕುತ್ತದೆ, ಮಗ ಅದರ ಮೇಲೆಯೇ ಅಆಇಈ ಒತ್ತಿ ಕಲಿತದ್ದು. ಆದರೆ ಅದು ಸುಮ್ಮನೆ ಕುಳಿತಾಗಲೇ ನೂರು ವ್ಯಾಟಿಗೂ ಹೆಚ್ಚು ಕರೆಂಟು ತಿನ್ನುತ್ತಿತ್ತು, ಈಗಿನ ಡಿಸ್ಕಿನ ವೈರು ಅದಕ್ಕೆ ಕೂರುವುದಿಲ್ಲ, ಅದರ ನೆಟ್‌ವರ್ಕ್ ಬಾಗಿಲು 100 ಮೆಗಾಬಿಟ್ಟಿನದು. ಪಕ್ಕಕ್ಕಿಡಿಸಿದೆ. ಲ್ಯಾಪ್‌ಟಾಪು ಕಡಿಮೆ ಕರೆಂಟು ತಿನ್ನುತ್ತದೆ, ಕರೆಂಟು ಹೋದರೂ ಬ್ಯಾಟರಿ ಇದೆ ಎಂಬ ಆಸೆ. ಆದರೆ ತಿರುಗಿಸಿ ನೋಡಿದರೆ ಬ್ಯಾಟರಿ ಊದಿಕೊಂಡು ತಳದ ಮುಚ್ಚಳ ಎದ್ದಿತ್ತು. ಊದಿದ ಬ್ಯಾಟರಿ ಬೆಂಕಿಗೆ ಆಹ್ವಾನ, ಅದನ್ನು ಒಂದು ದಿನವೂ ಪ್ಲಗ್ಗಿಗೆ ಹಾಕಬಾರದು. ಅದರ ಬಾಗಿಲೂ 100 ಮೆಗಾಬಿಟ್ಟಿನದೇ.

ಈ ಬಾಗಿಲಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯವನು ಇದರ ಬಗ್ಗೆ ಒಂದಕ್ಷರವೂ ಹೇಳಲಿಲ್ಲ. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಎಂ.ಬಿ. 150 ಜಿ.ಬಿ.ಯ ಆಟ ಆ ಬಾಗಿಲಿನಿಂದ ಹೊರಬರಲು ಮೂರು ಗಂಟೆಗೂ ಮೇಲೆ ಬೇಕು. ಗಿಗಾಬಿಟ್ ಬಾಗಿಲಾದರೆ ಸೆಕೆಂಡಿಗೆ ನೂರು ಎಂ.ಬಿ. ದಾಟುತ್ತದೆ, ಲೆಕ್ಕದ ಪ್ರಕಾರ ಇಪ್ಪತ್ತೈದು ನಿಮಿಷ. ಆಟವಾಡುವ ಕಂಪ್ಯೂಟರು ಬಂದದ್ದನ್ನು ಬಿಚ್ಚಿ ಜೋಡಿಸಿಕೊಳ್ಳುವ ಹೊತ್ತಿಗೆ ಮುಕ್ಕಾಲು ಗಂಟೆ ಎನ್ನಿ. ಹೊರಗಿನ ನಮ್ಮ 30 ಮೆಗಾಬಿಟ್ ಕೊಳಾಯಿಯಿಂದ ಅದೇ ಆಟಕ್ಕೆ ಹನ್ನೊಂದು ಗಂಟೆ. 2012ರ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಗಿಗಾಬಿಟ್ ಬಾಗಿಲು ಮೊದಲಿನಿಂದಲೂ ಇತ್ತು, ಹದಿಮೂರು ವರ್ಷ ಅದನ್ನು ಪೂರ್ತಿ ಉಪಯೋಗಿಸುವ ಸಂದರ್ಭವೇ ನಮಗೆ ಬಂದಿರಲಿಲ್ಲ. ಆದರೆ ನಮ್ಮ ರೂಟರಿನ ತೂತುಗಳು 100ರವು. ಅದಕ್ಕಾಗಿ 1,150 ರೂಪಾಯಿಗೆ ಐದು ತೂತಿನ ಗಿಗಾಬಿಟ್ ಸ್ವಿಚ್ಚೊಂದನ್ನು ತಂದು, ಹುಡುಗರ ಎರಡು ಕಂಪ್ಯೂಟರು ಮತ್ತು ಈ ಯಂತ್ರವನ್ನು ಅದಕ್ಕೆ ವೈರಿನಿಂದಲೇ ಜೋಡಿಸಿದೆವು. ವೈಫೈ ಮೂಲಕ ಎಳೆದರೆ ಗಾಳಿಯಲ್ಲಿನ ಅದೇ ದಾರಿಯಲ್ಲಿ ಮಗಳ ತರಗತಿಯೂ ಬರಬೇಕು, ಮತ್ತೆ ಅದೇ ರಗಳೆ. ವೈರಿಗೆ 400 ರೂಪಾಯಿ.

ಮೆಮೊರಿಯ ವಿಷಯಕ್ಕೆ ಬಂದರೆ, ಒಂದು ಟೆರಾಬೈಟ್ ದಾಸ್ತಾನಿನ ಪಟ್ಟಿ ಇಟ್ಟುಕೊಳ್ಳಲು 250 ಎಂ.ಬಿ. ಮೆಮೊರಿ ಸಾಕೆಂದು ತಂತ್ರಾಂಶದವರೇ ಬರೆದಿದ್ದಾರೆ. ನಮ್ಮ 8 ಜಿ.ಬಿ. ಧಾರಾಳ. ಅಂಗಡಿಯ 32 ಯಾರಿಗಾಗಿ?

ಇನ್ನು ಡಿಸ್ಕು. ನನ್ನ ವಾದದ ಜೀವ ಇರುವುದು ಇಲ್ಲಿಯೇ. ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ ಇಡುವ ಡಿಸ್ಕು ಹಳೆಯದಾಗಿರಬಾರದು, ಹೋದರೆ ಮತ್ತೆ ಬಾರದು. ಆದರೆ ಈ ಉಗ್ರಾಣದಲ್ಲಿರುವುದೆಲ್ಲ ಹೊರಗೆ ಮತ್ತೆ ಸಿಗುವ ಸಾಮಾನು. ಡಿಸ್ಕು ನಾಳೆ ಸತ್ತರೆ ನಷ್ಟವೇನು? ಒಂದು ರಾತ್ರಿಯ ಡೌನ್‌ಲೋಡು, ಒಂದಿಷ್ಟು ಜಿ.ಬಿ. ಅಷ್ಟೇ. ಬೇರಾವ ಕೆಲಸಕ್ಕೂ ನಂಬಲಾಗದ ಡಿಸ್ಕಿಗೆ ತಕ್ಕ ಕೆಲಸವಿದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕ್ಲಾಸಿನಲ್ಲಿ ಹಿಂದಿನ ಬೆಂಚು, ಇತಿಹಾಸದಲ್ಲಿ ಮೂವತ್ತೈದು ಅಂಕಕ್ಕೆ ತಿಣುಕಿದವನು, ಈಗ ಕೈಯಲ್ಲಿ ಎಂಥ ಜಾಣತನ! ‘ಮಿಸ್, ಸಿಸಿಟಿವಿ ಡಬ್ಬದಿಂದ ಬಿಚ್ಚಿದ್ದು 2 ಟಿ.ಬಿ. ಡಿಸ್ಕಿದೆ, 1,200ಕ್ಕೆ ಕೊಡ್ತೀನಿ’ ಎಂದ. ನಾನು ಸುಮ್ಮನೆ ಕೊಳ್ಳಲಿಲ್ಲ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ‘ಸ್ಮಾರ್ಟ್’ ಎಂದು ಅದರ ಹೆಸರು. ತೋರಿಸು ಎಂದೆ. ಒಟ್ಟು 26,000 ಗಂಟೆ ಓಡಿತ್ತು, ಎಂದರೆ ಹಗಲೂ ರಾತ್ರಿ ಸುಮಾರು ಮೂರು ವರ್ಷ. ಅದು ನನ್ನನ್ನು ಹೆದರಿಸಲಿಲ್ಲ. ನಾನು ಹುಡುಕಿದ್ದು ಬೇರೆ ಸಾಲು, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರುಗಳ ಲೆಕ್ಕ. ಸೊನ್ನೆ ಇತ್ತು. ಬದಲಿ ಸಿಗದೆ ಕಾಯುತ್ತಿರುವ ಸೆಕ್ಟರುಗಳೂ ಸೊನ್ನೆ. ಅವನಲ್ಲೇ ಇದ್ದ ಇನ್ನೊಂದು ಡಿಸ್ಕು ಅರ್ಧ ಬೆಲೆಗೆ ಬರುತ್ತಿತ್ತು, ಅದರಲ್ಲಿ ಆ ಲೆಕ್ಕ ಮುನ್ನೂರು ದಾಟಿತ್ತು. ಬೇಡವೆಂದೆ. ಹಳೆಯದು ಬೇರೆ, ಕೊಳೆತದ್ದು ಬೇರೆ. ಬದನೆಕಾಯಿ ಆರಿಸುವವಳಿಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಲಿನಕ್ಸ್ ಹಾಕಲು ಪರದೆ ಒಡೆದ ಲ್ಯಾಪ್‌ಟಾಪಿನಿಂದ ಚಿಕ್ಕ ಎಸ್.ಎಸ್.ಡಿ.ಯನ್ನು ಬಿಚ್ಚಿಕೊಂಡೆವು.

ಹೊಸದಾಗಿ ಕೊಳ್ಳಲೇಬೇಕೆಂದು ನಾನೇ ಹಟ ಹಿಡಿದದ್ದು ಒಂದನ್ನು, ಎಸ್.ಎಂ.ಪಿ.ಎಸ್. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದ ಮಾಡಿ ಕೊಡುವ ಪೆಟ್ಟಿಗೆ ಅದು. ಹದಿಮೂರು ವರ್ಷದ ಹಳೆಯ ಎಸ್.ಎಂ.ಪಿ.ಎಸ್. ಸತ್ತರೆ ಒಂದೊಂದು ಸಲ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತದೆ. ನಮ್ಮ ಹಳೆಯದರ ಒಳಗಿನ ಎರಡು ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಹುಡುಗರು ಇಲ್ಲಿ ಜಿಪುಣತನ ತೋರಿಸಹೊರಟರು, ಎಷ್ಟೆಂದರೂ ಕಣ್ಣಿಗೆ ಕಾಣದ ಭಾಗ. ನಾನು 1,900 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಗಡಿಯಾರದ ಸೆಲ್ಲಿನಂಥ ಸಿಮಾಸ್ ಬ್ಯಾಟರಿಗೆ 40 ರೂಪಾಯಿ. ಧೂಳನ್ನು ಹಳೆಯ ಪೇಂಟ್ ಬ್ರಶ್ಶಿನಿಂದ ಮಗಳೇ ಒರೆಸಿದಳು.

ಒಟ್ಟು ಖರ್ಚು 4,690 ರೂಪಾಯಿ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಕರೆಂಟಿನ ಲೆಕ್ಕ ಬಾಕಿ ಇತ್ತು. ಇದನ್ನು ಹುಡುಗರೂ ಯೋಚಿಸಿರಲಿಲ್ಲ, ಅಂಗಡಿಯವನೂ ಹೇಳಿರಲಿಲ್ಲ. ಬಿಲ್ಲು ನೋಡುವವಳು ನಾನೊಬ್ಬಳೇ ಅಲ್ಲವೆ? 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ಲು ಬರುತ್ತಿದೆ. ಆದರೆ ಅದು ಲಂಗುಲಗಾಮಿಲ್ಲದ 200 ಯೂನಿಟ್ಟಲ್ಲ. 2022–23ರ ನಮ್ಮ ಸರಾಸರಿ, ಅದರ ಮೇಲೆ ಶೇಕಡಾ ಹತ್ತು, ಅಷ್ಟೇ ಪುಕ್ಕಟೆ. ಮೀರಿದ್ದಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲೇ ನಮ್ಮ ತಲೆಗೆ. ನಮ್ಮದು ತಿಂಗಳಿಗೆ 165ರಿಂದ 170 ಯೂನಿಟ್. ಪ್ಲಗ್ಗಿಗೆ ಹಾಕುವ ಅಳತೆಯ ಮೀಟರೊಂದನ್ನು ರಿಪೇರಿ ಅಂಗಡಿಯಿಂದ ಎರವಲು ತಂದು ನೋಡಿದರೆ ಯಂತ್ರ ಸುಮ್ಮನೆ ಕುಳಿತಾಗ 74 ವ್ಯಾಟ್ ತಿನ್ನುತ್ತಿತ್ತು. ಒಳಗೆ ಆಟಕ್ಕೆಂದು ಎಂದೋ ಹಾಕಿದ್ದ ಗ್ರಾಫಿಕ್ಸ್ ಕಾರ್ಡನ್ನು ಕಿತ್ತುಹಾಕಿಸಿದೆ, ಉಗ್ರಾಣದ ಅಜ್ಜಿಗೆ ಅದೇಕೆ? 38ಕ್ಕೆ ಇಳಿಯಿತು. ಆದರೂ ಇಡೀ ತಿಂಗಳು ಬಿಡದೆ ಓಡಿದರೆ 27 ಯೂನಿಟ್ ಆಗುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಜೊತೆ ಸೇರಿದರೆ 200 ದಾಟುವುದು ಖಂಡಿತ. ಇಂಟರ್‌ನೆಟ್ಟಿನಲ್ಲಿ ಉಳಿಸಿದ್ದನ್ನು ಕರೆಂಟಿನಲ್ಲಿ ಕಳೆದಂತೆ. ‘ಸರ್ವರ್ ಅಂದ್ರೆ ಯಾವಾಗ್ಲೂ ಆನ್ ಇರಬೇಕು ಅಮ್ಮ’ ಎಂದ ಮಗ. ಯಾವ ಶಾಸ್ತ್ರದಲ್ಲಿ ಬರೆದಿದೆ? ಶನಿವಾರ, ಭಾನುವಾರ ರಾತ್ರಿ ಹತ್ತರ ಮೇಲೆ ಹಾಕುವುದು, ಬೆಳಿಗ್ಗೆ ಎದ್ದ ಕೂಡಲೇ ಆರಿಸುವುದು ಎಂದು ತೀರ್ಮಾನ ಮಾಡಿದೆ. ವಾರಕ್ಕೆ ಇಪ್ಪತ್ತು ಗಂಟೆ ಹಿಡಿದರೂ ತಿಂಗಳಿಗೆ ಮೂರೂಕಾಲು ಯೂನಿಟ್.

ಈ ತೀರ್ಮಾನ ನನಗೇ ತಿರುಗಿ ಬಡಿಯಿತು, ಅದನ್ನೂ ಮುಚ್ಚಿಡುವುದಿಲ್ಲ. ಮೊದಲ ಭಾನುವಾರ ಬೆಳಿಗ್ಗೆ ನಾನು ಯಂತ್ರ ಆರಿಸಿ ಕಾಫಿ ಸೋಸುತ್ತಿದ್ದೆ. ಒಳಗಿನಿಂದ ಮಗಳ ಕೂಗು: ‘ಅಮ್ಮಾ, ನೆಟ್ಟೇ ಇಲ್ಲ! ಇವತ್ತು ಮಾಕ್ ಟೆಸ್ಟು!’ ಹುಡುಗರು ಬುದ್ಧಿ ಉಪಯೋಗಿಸಿ ಆ ‘ಹೆಸರು ಹೇಳಿದರೆ ವಿಳಾಸ ಹೇಳುವ’ ಕೆಲಸವನ್ನು ರೂಟರಿನಲ್ಲೇ ಇಡೀ ಮನೆಗೆ ಈ ಯಂತ್ರದ ಪಾಲಿಗೆ ಬರೆದಿಟ್ಟಿದ್ದರು. ಯಂತ್ರ ಮಲಗಿತು, ಮನೆಯಲ್ಲಿ ಯಾರಿಗೂ ಯಾವ ವಿಳಾಸವೂ ಗೊತ್ತಿಲ್ಲದಂತಾಯಿತು. ಯಾರ ತರಗತಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳದೇ ಪರೀಕ್ಷೆಯ ಮೊದಲ ಇಪ್ಪತ್ತು ನಿಮಿಷ ಹೋಯಿತು. ಆ ದಿನ ನನ್ನ ಮುಖ ಸಣ್ಣದಾದದ್ದು ನಿಜ. ಆಮೇಲೆ ಸರಿಪಡಿಸಿದ್ದು ಹೀಗೆ: ರೂಟರಿನಲ್ಲಿ ಮೊದಲಿದ್ದ ಹಾಗೇ ಇರಲಿ, ಹುಡುಗರ ಎರಡು ಕಂಪ್ಯೂಟರಿನಲ್ಲಿ ಮಾತ್ರ ಈ ಯಂತ್ರವನ್ನು ಕೇಳುವಂತೆ ಬರೆದುಕೊಳ್ಳಲಿ. ಯಂತ್ರ ಮಲಗಿದರೆ ತೊಂದರೆ ಆಟದವರಿಗೆ, ಓದುವವಳಿಗಲ್ಲ. ಮೊದಲೇ ಹೀಗೆ ಮಾಡಬೇಕಿತ್ತೆಂದು ಈಗ ಎಲ್ಲರೂ ಹೇಳುತ್ತಾರೆ.

ಸ್ಟಾಫ್ ರೂಮಿನಲ್ಲಿ ನನ್ನ ಮೇಲೆ ಎರಡು ಆಕ್ಷೇಪಣೆ ಬಂದವು. ಒಬ್ಬರು ಗಣಿತದ ಮೇಡಂ, ‘ನಿಮ್ಮ ಬ್ಯಾಂಕಿನ ಗುಟ್ಟೆಲ್ಲ ಆ ಡಬ್ಬದೊಳಗೆ ಹೋಗಿಬಿಟ್ಟರೆ?’ ಎಂದರು. ಒಳ್ಳೆಯ ಪ್ರಶ್ನೆ, ನಾನೂ ಕೇಳಿದ್ದೆ. ಅದು ತಡೆದು ನಿಲ್ಲಿಸುವುದು ಪಟ್ಟಿಯಲ್ಲಿರುವ ಆಟದ ಉಗ್ರಾಣಗಳಂಥ ಕೆಲವು ಹೆಸರುಗಳನ್ನು ಮಾತ್ರ. ಬ್ಯಾಂಕಿನಂಥ ತಾಣಗಳ ಮಾತು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುತ್ತದೆ, ಅದನ್ನು ತೆರೆಯುವ ಶಕ್ತಿ ಈ ಅಜ್ಜಿಗಿಲ್ಲ. ಇನ್ನೊಬ್ಬರು, ‘ಟೀಚರಾಗಿ ಮಕ್ಕಳ ಆಟದ ಚಟಕ್ಕೆ ಸರ್ವರ್ ಕಟ್ಟಿಕೊಟ್ಟಿರಲ್ಲ!’ ಎಂದು ಮೂಗಿನ ಮೇಲೆ ಬೆರಳಿಟ್ಟರು. ಅವರಿಗೆ ನನ್ನ ಉತ್ತರ ಇಷ್ಟೆ: ಇಪ್ಪತ್ತು ವರ್ಷದ ಹುಡುಗರ ಆಟವನ್ನು ಬೈದು ನಿಲ್ಲಿಸಿದ ತಾಯಿಯನ್ನು ನಾನು ಇನ್ನೂ ಕಂಡಿಲ್ಲ. ಬೈಯುವುದರಲ್ಲಿ ಹುಡುಗರ ಮೇಲಷ್ಟೇ ಗಮನ, ಪಕ್ಕದ ಜಗಲಿಯಲ್ಲಿ ಸೊಳ್ಳೆ ಹೊಡೆದುಕೊಳ್ಳುವವಳನ್ನು ಯಾರು ನೋಡಬೇಕು? ನಾನು ಹುಡುಗರಿಗೆ ಸರ್ವರ್ ಕಟ್ಟಿಕೊಡಲಿಲ್ಲ, ಮಗಳ ಪಾಲಿನ ಇಂಟರ್‌ನೆಟ್ಟಿಗೆ ಬೇಲಿ ಕಟ್ಟಿದೆ.

ನಿಜವಾಗಿ ನನ್ನ ವಾದಕ್ಕೆ ಪೆಟ್ಟು ಕೊಡುವ ಮಾತನ್ನು ಅವರಾರೂ ಹೇಳಲಿಲ್ಲ, ನಾನೇ ಹೇಳಿಬಿಡುತ್ತೇನೆ. ಮನೆಯಲ್ಲಿ ಆಟದ ಕಂಪ್ಯೂಟರು ಒಂದೇ ಇದ್ದರೆ ಈ ಯಂತ್ರದಿಂದ ಹೆಚ್ಚು ಉಪಯೋಗವಿಲ್ಲ. ಮೊದಲ ಸಲ ಇಳಿಸುವುದಕ್ಕೆ ಹೊರಗಿನ ನೆಟ್ಟು ಖರ್ಚಾಗಲೇಬೇಕು, ಉಳಿತಾಯ ಎರಡನೆಯ ಸಲದಿಂದ. ಎರಡು ಕಂಪ್ಯೂಟರಿದ್ದು ಆಟಗಳೆಲ್ಲ ‘ಸ್ಟೀಮ್’ ಎಂಬ ಒಂದೇ ಅಂಗಡಿಯವಾದರೆ, 2023ರಿಂದ ಸ್ಟೀಮಿನಲ್ಲೇ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಆಟವನ್ನು ಸಾಗಿಸುವ ಸೌಲಭ್ಯವಿದೆ. ಎರಡೂ ಒಟ್ಟಿಗೆ ಚಾಲೂ ಇರಬೇಕು ಅಷ್ಟೆ, ಖರ್ಚು ಸೊನ್ನೆ. ನಮ್ಮಲ್ಲಿ ಮೈದುನನ ಮಗ ಬೇರೆ ಅಂಗಡಿಗಳ ಆಟವನ್ನೂ ಆಡುತ್ತಾನೆ, ಜಾಗ ಸಾಲದೆಂದು ಅಳಿಸಿ, ತಿಂಗಳು ಕಳೆದ ಮೇಲೆ ಮತ್ತೆ ಇಳಿಸಿಕೊಳ್ಳುವ ಅಭ್ಯಾಸ ಇಬ್ಬರಿಗೂ ಇದೆ, ವಿಂಡೋಸಿನ ಅಪ್‌ಡೇಟುಗಳೂ ಇದರಲ್ಲಿ ಉಳಿಯುತ್ತವೆ. ಆದ್ದರಿಂದ ನಮಗೆ ಯಂತ್ರ ಬೇಕಾಯಿತು. ನಿಮಗೆ ಬೇಕಾಗದೆಯೂ ಇರಬಹುದು. 58,500ರ ಚೀಟಿ ಬರೆಯುವ ಮೊದಲು ಅಂಗಡಿಯವನು ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಇದೇ: ‘ಮನೇಲಿ ಎಷ್ಟು ಕಂಪ್ಯೂಟರಿದೆ ಮೇಡಂ, ಯಾವ ಆಟ ಆಡ್ತಾರೆ?’ ಕೇಳಲಿಲ್ಲ. ಉತ್ತರ ಸಿಕ್ಕಿದರೆ ವ್ಯಾಪಾರ ತಪ್ಪುತ್ತಿತ್ತು.

ಯಂತ್ರ ಬಂದು ಮೂರನೆಯ ತಿಂಗಳು ಇದು. ಹೋದ ತಿಂಗಳ ಕೊನೆಗೆ 500ರಲ್ಲಿ 90 ಜಿ.ಬಿ. ಉಳಿದಿತ್ತು. ಮಗಳು ತನ್ನ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಪಾಠ ಕೇಳುತ್ತಾಳೆ. ಡಿಸ್ಕಿನ ಆರೋಗ್ಯವನ್ನು ತಿಂಗಳಿಗೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದನ್ನೂ ಅವಳೇ ವಹಿಸಿಕೊಂಡಿದ್ದಾಳೆ, ಇನ್ನೂ ಸೊನ್ನೆಯೇ ಇದೆ. ಚೀಟಿ ದುಡ್ಡು ಬ್ಯಾಂಕಿನಲ್ಲಿದೆ.

ಪೆಂಟಿಯಂ 4 ಮತ್ತು ಊದಿದ ಬ್ಯಾಟರಿಯದೊಂದು ಕೆಲಸ ಉಳಿದಿದೆ. ಬೀದಿಯಲ್ಲಿ ಬರುವ ಗುಜರಿಯವನು ತೂಕಕ್ಕೆ ಕೇಳಿದ, ಕೊಡಲಿಲ್ಲ. ತಾಮ್ರಕ್ಕಾಗಿ ವೈರುಗಳನ್ನು ಊರಾಚೆ ಸುಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಹೊಗೆ ನಮ್ಮ ಶಾಲೆಯ ಮೈದಾನಕ್ಕೇ ಬರುತ್ತದೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು. ಬ್ಯಾಟರಿಯನ್ನು ಮರಳು ತುಂಬಿದ ಹಳೆಯ ತಗಡಿನ ಡಬ್ಬದಲ್ಲಿ ಹಾಕಿ ಹಿತ್ತಲಿನ ಬಚ್ಚಲ ಗೋಡೆಯ ಮೇಲಿಟ್ಟಿದ್ದೇನೆ. ಬರುವ ತಿಂಗಳು ಮಗಳನ್ನು ಪರೀಕ್ಷೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗುವಾಗ ಎರಡನ್ನೂ ತೆಗೆದುಕೊಂಡು ಹೋಗಬೇಕು. ರೈಲಿನಲ್ಲಿ ಬ್ಯಾಟರಿ ಒಯ್ಯುವುದು ಬೇಡ, ಕಾರೇ ಮಾಡೋಣ ಎನ್ನುತ್ತಿದ್ದಾರೆ ನಮ್ಮ ಯಜಮಾನರು. ಅದರ ಬಾಡಿಗೆಗೆ ಈಗ ನಾಲ್ಕು ಕಡೆ ವಿಚಾರಿಸುತ್ತಿದ್ದಾರೆ.